ಮಳೆ ನಕ್ಷತ್ರವೇ ವೇಳಾಪಟ್ಟಿ: ಮೈಸೂರು–ಮಂಡ್ಯ ಸೀಮೆಯಲ್ಲಿ ಮಕ್ಕಳ ಮನೆಕಲಿಕೆ

ಮಕ್ಕಳಿಗೆ ಮನೆಯಲ್ಲೇ ಕಲಿಸಲು ಹೊರಟವರು ಮೊದಲು ಗೋಡೆಗೆ ವೇಳಾಪಟ್ಟಿ ಅಂಟಿಸುತ್ತಾರೆ. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಕನ್ನಡ, ಹನ್ನೊಂದಕ್ಕೆ ವಿಜ್ಞಾನ. ಎರಡು ತಿಂಗಳೊಳಗೆ ಅದು ಕೈಬಿಟ್ಟುಹೋಗುತ್ತದೆ. ಅಡುಗೆ, ಕೆಲಸ, ಬಂದುಹೋಗುವವರ ನಡುವೆ ಗಂಟೆ ಹೊಡೆದು ಶಾಲೆ ನಡೆಸಲು ಯಾರಿಂದಲೂ ಆಗುವುದಿಲ್ಲ. ಅದಕ್ಕಿಂತ ಚೆನ್ನಾಗಿ ನಡೆಯುವ ಲೆಕ್ಕವೊಂದು ನಮ್ಮ ಸೀಮೆಯ ರೈತರ ಬಾಯಲ್ಲೇ ಇದೆ: ಮಳೆ ನಕ್ಷತ್ರ. ಸೂರ್ಯ ವರ್ಷಕ್ಕೆ 27 ನಕ್ಷತ್ರ ದಾಟುತ್ತಾನೆ, ಒಂದೊಂದಕ್ಕೆ 13 ಅಥವಾ 14 ದಿನ. ರೋಹಿಣಿ ಮೇ 25ರ ಸುಮಾರಿಗೆ ಹುಟ್ಟುತ್ತದೆ, ಮೃಗಶಿರಾ ಜೂನ್ 8ಕ್ಕೆ, ಆರಿದ್ರಾ ಜೂನ್ 22ಕ್ಕೆ. ಒಂದು ದಿನ ಆಚೀಚೆ ಆದರೆ ಪಂಚಾಂಗ ನೋಡಿಕೊಳ್ಳಿ. 365ನ್ನು 27ರಿಂದ ಭಾಗಿಸಿ ಶೇಷ ಯಾಕೆ ಉಳಿಯಿತು ಎಂದು ಮಗುವನ್ನು ಕೇಳಿದರೆ ಮೊದಲ ಗಣಿತ ಪಾಠ ಅಲ್ಲೇ ಆಯಿತು.

ಒಂದು ನಕ್ಷತ್ರಕ್ಕೆ ಮೂರೇ ಸಂಗತಿ ಇಟ್ಟುಕೊಳ್ಳಿ: ಹೊರಗೆ ಮಾಡುವ ಒಂದು ಕೆಲಸ, ಒಟ್ಟಿಗೆ ಕೂತು ಓದುವ ಒಂದು ಪುಸ್ತಕ, ಒಂದು ಆಟ. ಆರರಿಂದ ಹತ್ತು ವರ್ಷದ ಮಗುವಿಗೆ ಕೂತು ಬರೆಯುವ, ಲೆಕ್ಕ ಮಾಡುವ ಕೆಲಸ ದಿನಕ್ಕೆ ಎರಡು ಗಂಟೆ ಸಾಕು. ಅದಕ್ಕಿಂತ ಹಿಗ್ಗಿಸಿದರೆ ಮಗು ಕೂತಿರುತ್ತದೆ, ಕಲಿಯುವುದಿಲ್ಲ.

ಶುರು ಮಾಡಲು ಮುಂಗಾರೇ ಒಳ್ಳೆಯ ಕಾಲ, ಮೊದಲ ಸಾಧನ ಮಳೆಮಾಪಕ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ ತಗೊಳ್ಳಿ. ನಡುವಿನ ಭಾಗ ನೇರವಾಗಿರಬೇಕು. ಸೊಂಟ ಸಣ್ಣಗಿರುವ ಬಾಟಲಿಯಲ್ಲಿ ಅಳತೆ ತಪ್ಪುತ್ತದೆ. ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಮುಚ್ಚಳ ತೆಗೆದು, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಒಂದು ಹಿಡಿ ಸಣ್ಣ ಕಲ್ಲು ಹಾಕಿ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಿ. ಅಲ್ಲಿಂದ ಮೇಲಕ್ಕೆ ಪ್ಲಾಸ್ಟಿಕ್ ಸ್ಕೇಲ್ ಅಂಟಿಸಿದರೆ ಮಿಲಿಮೀಟರು ನೇರವಾಗಿ ಸಿಗುತ್ತದೆ. ಗೋಡೆಯ ಅಥವಾ ಮರದ ಎತ್ತರದ ಎರಡರಷ್ಟು ದೂರದಲ್ಲಿ, ಬಯಲಲ್ಲಿ ಇಡಿ. ತೆಂಗಿನ ಮರದಡಿ ಇಟ್ಟರೆ ಗರಿಯಿಂದ ಸುರಿಯುವ ನೀರೂ ಲೆಕ್ಕಕ್ಕೆ ಬರುತ್ತದೆ. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ ಎಂಟೂವರೆಗೆ ಓದಿ, ಬರೆದು, ಮತ್ತೆ ಸೊನ್ನೆಗೆ ಇಳಿಸಿ. ಸಂಜೆಗೊಮ್ಮೆ, ಬೆಳಿಗ್ಗೆಗೊಮ್ಮೆ ಓದಿದರೆ ಒಂದೇ ಮಳೆ ಎರಡು ದಿನಕ್ಕೆ ಹಂಚಿಹೋಗುತ್ತದೆ. ತಳದ ನೀರನ್ನು ನಾಲ್ಕು ದಿನಕ್ಕೊಮ್ಮೆ ಚೆಲ್ಲಿ ಬದಲಿಸಲೇಬೇಕು, ಇಲ್ಲವಾದರೆ ಡೆಂಗಿ ಸೊಳ್ಳೆ ಅಲ್ಲೇ ಮರಿಮಾಡುತ್ತದೆ.

ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರು ನೀರು. ಮೂವತ್ತು–ನಲವತ್ತರ ಸೈಟು 1,200 ಚದರಡಿ, ಸುಮಾರು 111 ಚದರ ಮೀಟರು. ಹತ್ತು ಮಿ.ಮೀ. ಮಳೆ ಬಿದ್ದರೆ ಆ ಸೈಟಿನ ಮೇಲೆ 1,110 ಲೀಟರು ನೀರು ಬಿದ್ದಿದೆ, ಸಾವಿರ ಲೀಟರಿನ ಟ್ಯಾಂಕು ತುಂಬಿ ಮಿಕ್ಕುವಷ್ಟು. ನಾಲ್ಕನೇ ತರಗತಿಯ ಮಗು ಈ ಲೆಕ್ಕವನ್ನು ತಾನೇ ಮಾಡಬಲ್ಲದು.

ಇದಕ್ಕೆ ಜೊತೆಯಾಗಿ ಪತ್ರಿಕೆಯಲ್ಲಿ ದಿನವೂ ಬರುವ ಕೆಆರ್‌ಎಸ್ ಮಟ್ಟವನ್ನು ಬರೆಯಿಸಿ: ನೀರಿನ ಮಟ್ಟ, ಒಳಹರಿವು, ಹೊರಹರಿವು. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಜುಲೈನಲ್ಲಿ ಮಗುವಿಗೆ ಒಂದು ವಿಚಿತ್ರ ಕಾಣುತ್ತದೆ. ಮನೆಯ ಬಾಟಲಿಯಲ್ಲಿ ದಿನಕ್ಕೆ ಎರಡೋ ಮೂರೋ ಮಿ.ಮೀ. ತುಂತುರು, ಅಣೆಕಟ್ಟೆ ಮಾತ್ರ ದಿನೇ ದಿನೇ ಏರುತ್ತಿದೆ. ಕಾರಣ ತಕ್ಷಣ ಹೇಳಿಬಿಡಬೇಡಿ. ನಕ್ಷೆ ಹರಡಿ ಕಾವೇರಿಯ ಗೆರೆಯನ್ನು ಬೆರಳಲ್ಲಿ ಹಿಂದಕ್ಕೆ ಹಿಡಿದು ಹೋಗಲು ಬಿಡಿ. ಕುಶಾಲನಗರ ದಾಟಿ ಭಾಗಮಂಡಲ ಮುಟ್ಟಿದಾಗ ಅದಕ್ಕೇ ಹೊಳೆಯುತ್ತದೆ. ನಂತರ ಕೊಡಗಿನ ಮಳೆಯ ಅಂಕಿಯನ್ನೂ ಪಕ್ಕಕ್ಕೆ ಬರೆಯಲಿ. ಅಲ್ಲಿ ಜೋರು ಮಳೆಯಾದ ಎಷ್ಟು ದಿನಕ್ಕೆ ಇಲ್ಲಿ ಒಳಹರಿವು ಏರಿತು ಎಂದು ಅದೇ ಕಂಡುಹಿಡಿಯುತ್ತದೆ. ಹೇಮಾವತಿ, ಹಾರಂಗಿಯಿಂದ ಬಿಟ್ಟ ನೀರೂ ಸೇರುವುದರಿಂದ ಉತ್ತರ ಪ್ರತಿಸಲ ಒಂದೇ ಇರುವುದಿಲ್ಲ. ಮೈಸೂರು–ಮಂಡ್ಯದ ಸ್ವಂತ ಜೋರು ಮಳೆ ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬರುತ್ತದೆ. ವರ್ಷದ ಪಟ್ಟಿ ಮುಗಿದಾಗ ಆ ಎರಡು ಗುಡ್ಡೆಗಳು ಮಗುವಿನ ಗ್ರಾಫಿನಲ್ಲೇ ಎದ್ದಿರುತ್ತವೆ.

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ದಿನಕ್ಕೆ 86,400 ಸೆಕೆಂಡು. ಹಾಗಾದರೆ ಎಷ್ಟು ಕ್ಯೂಸೆಕ್ ಒಳಹರಿವು ಇಡೀ ದಿನ ಬಂದರೆ ಒಂದು ಟಿಎಂಸಿ? ಉತ್ತರ 11,574. ದೊಡ್ಡ ಮಕ್ಕಳಿಗೆ ಇನ್ನೊಂದು ಪ್ರಶ್ನೆ: ತಳದ ಒಂದು ಅಡಿಗೂ ಮೇಲಿನ ಒಂದು ಅಡಿಗೂ ಒಂದೇ ಅಷ್ಟು ನೀರು ಹಿಡಿಯುತ್ತದೆಯೇ? ಬಾಯಿ ಅಗಲವಿರುವ ಬೋಗುಣಿಗೆ ಒಂದೊಂದೇ ಲೋಟ ನೀರು ಹಾಕಿ ಪ್ರತಿಸಲ ಗೆರೆ ಎಳೆಯಲಿ. ಗೆರೆಗಳು ಮೇಲೆ ಹೋದಂತೆ ಒತ್ತೊತ್ತಾಗುತ್ತವೆ.

ಆಷಾಢದ ಜಡಿಮಳೆಯಲ್ಲಿ ಆಟ ಒಳಗೆ ಬರುತ್ತದೆ. ಅಳಗುಳಿಮಣೆಗೆ 14 ಗುಳಿ, ಗುಳಿಗೆ ಐದರಂತೆ 70 ಹುಣಸೆ ಬೀಜ. ಅಂದಕ್ಕೆಂದು ಕೆಂಪು–ಕಪ್ಪಿನ ಗುಲಗಂಜಿ ಹಾಕಬೇಡಿ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಚೌಕಾಬಾರದ ಮನೆ ಐದಕ್ಕೆ ಐದು: ಹೊರಸುತ್ತಿನಲ್ಲಿ 16 ಚೌಕ, ಒಳಸುತ್ತಿನಲ್ಲಿ 8, ನಡುವೆ ಒಂದು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜದ ಒಂದು ಮೈಯನ್ನು ಒರಟು ಕಲ್ಲಿಗೆ ಉಜ್ಜಿ, ಬಿಳಿ ಕಾಣಿಸಿದಾಗ ನಿಲ್ಲಿಸಿ. ಬಿಳಿ ಒಂದು, ಎರಡು, ಮೂರು ಬಿದ್ದರೆ ಅಷ್ಟೇ ಮನೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು. ನಾಲ್ಕೂ ಕಪ್ಪಾದರೆ ಎಂಟು. ಎರಡೂ ಮೈ ಬೀಳುವ ಸಾಧ್ಯತೆ ಸಮವಿದ್ದರೆ ಹದಿನಾರು ಸಲಕ್ಕೆ ಒಂದು ನಾಲ್ಕು ಸಲ, ಎರಡು ಆರು ಸಲ, ಮೂರು ನಾಲ್ಕು ಸಲ, ಚೌಕ ಒಂದು ಸಲ, ಎಂಟು ಒಂದು ಸಲ ಬರಬೇಕು. ನೂರು ಸಲ ಹಾಕಿಸಿ, ಗೀಟು ಎಳೆಸಿ, ಹೋಲಿಸಿ. ಬೀಜವನ್ನು ಹೆಚ್ಚು ಉಜ್ಜಿದ್ದರೆ ಒಂದೇ ಮಗ್ಗುಲಿಗೆ ಬೀಳುತ್ತದೆ, ಕವಡೆಯಂತೂ ಮೊದಲೇ ಸಮವಲ್ಲ. ಯಾವ ಬೀಜ ಮೋಸ ಮಾಡುತ್ತಿದೆ ಎಂದು ಹುಡುಕುವುದರಲ್ಲೇ ಸಂಭವನೀಯತೆಯ ಅಧ್ಯಾಯ ಅರ್ಧ ಮುಗಿಯುತ್ತದೆ. ಕಾಯಿ ಕಡಿಯುವ ನಿಯಮ ಮನೆಯಿಂದ ಮನೆಗೆ ಬೇರೆ; ಆಟಕ್ಕೆ ಮುಂಚೆ ಮಕ್ಕಳೇ ನಿಯಮ ಬರೆದು ಗೋಡೆಗೆ ಅಂಟಿಸಲಿ. ಜಗಳ ಕಡಿಮೆಯಾಗುತ್ತದೆ, ಸ್ಪಷ್ಟವಾಗಿ ಬರೆಯುವ ಅಭ್ಯಾಸವೂ ಆಗುತ್ತದೆ.

ಓದು ಶುರು ಮಾಡುವ ಮಗುವಿಗೆ ಅ ಆ ಇ ಈ ಪೂರ್ತಿ ಉರು ಹೊಡೆಸುವವರೆಗೆ ಕಾಯಬೇಡಿ. ಹಳೆಯ ಒಂದನೇ ತರಗತಿಯ ರ–ಗ–ಸ–ದ–ಅ ಕ್ರಮ ಈಗಲೂ ಒಳ್ಳೆಯದು. ಈ ಐದೇ ಅಕ್ಷರದಲ್ಲಿ ಅರಸ, ಅಗಸ, ಸರ, ರಸ, ಗರಗಸ, ದಸರ ಎಲ್ಲ ಓದಬಹುದು, ಮೊದಲ ವಾರದಲ್ಲೇ ಓದು ಬಂತು ಎಂಬ ಧೈರ್ಯ ಮಗುವಿಗೆ ಬರುತ್ತದೆ. ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಒತ್ತಕ್ಷರದಲ್ಲಿ. ಮೊದಲು ಅಕ್ಕ, ಅಪ್ಪ, ಹಬ್ಬದಂಥ ಸಜಾತಿ ಒತ್ತು, ಆಮೇಲೆ ರಸ್ತೆ, ಪುಸ್ತಕ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದಿಲ್ಲ. ಆರಕ್ಕೆ ಆರು ಕಾರ್ಡು ಮಾಡಿ ಪ್ರತ್ಯೇಕ ಕಲಿಸಿ. ಅರ್ಕಾವತ್ತು ಕೊನೆಗಿರಲಿ. ಅದರ ಚಿಹ್ನೆ ಅಕ್ಷರದ ನಂತರ ಬರುತ್ತದೆ, ಉಚ್ಚಾರ ಮಾತ್ರ ಅಕ್ಷರಕ್ಕಿಂತ ಮೊದಲು. ಹಾಗಾಗಿ 'ಸೂರ್ಯ'ವನ್ನು ಮಗು 'ಸೂಯ್ರ' ಎಂದು ಓದುತ್ತದೆ. ಬೈದರೆ ಅಂಜಿಕೆ ಉಳಿಯುತ್ತದೆ. ಸೂರ್ಯ, ಪರ್ವತ, ಮಾರ್ಗ ಎಂದು ನೀವು ಹೇಳಿ, ಮಗು ಚಿಹ್ನೆ ತೋರಿಸಲಿ, ವಾರದಲ್ಲಿ ಸರಿಹೋಗುತ್ತದೆ.

ರಾತ್ರಿ ಇಪ್ಪತ್ತು ನಿಮಿಷ ನೀವೇ ಗಟ್ಟಿಯಾಗಿ ಓದಿ, ಓದಲು ಬರುವ ಮಗುವಿಗೂ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಹಂತ ಹಂತವಾಗಿ ಉಚಿತವಾಗಿ ಸಿಗುತ್ತವೆ. ಮರುದಿನ ಮಗು ಅದೇ ಕಥೆಯನ್ನು ಅಜ್ಜಿಗೋ ತಂಗಿಗೋ ಹೇಳಲಿ. ಪ್ರಶ್ನೋತ್ತರ ಬರೆಸಬೇಡಿ, ಕಥೆ ಹೇಳುವಾಗಲೇ ಏನು ಅರ್ಥವಾಗಿದೆ, ಎಲ್ಲಿ ತಪ್ಪಿದೆ ಎಂದು ನಿಮಗೆ ತಿಳಿಯುತ್ತದೆ. ಮಳೆಗಾದೆಗಳನ್ನೂ ಕೂಡಿಹಾಕಿ. 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು' ಎಂಬುದು ನಿಜವೇ ಎಂದು ಪಕ್ಕದ ಹೊಲದವರನ್ನು ಕೇಳಿ ಬರಲಿ.

ದಸರೆಯಲ್ಲಿ ಪಾಠ ಬೇಡ. ಗೊಂಬೆ ಕೂರಿಸುವ ಮನೆಯಾದರೆ ಪ್ರತಿ ಗೊಂಬೆಗೂ ಎರಡು ಸಾಲಿನ ಚೀಟಿ ಬರೆಸಿ, ಬಂದವರಿಗೆ ಮಗುವೇ ವಿವರಿಸಲಿ. ಅಷ್ಟು ಸಾಕು.

ನವೆಂಬರ್–ಡಿಸೆಂಬರ್ ರಾಗಿ ಕೊಯ್ಲಿನ ಕಾಲ. ಒಂದು ತೆನೆ ಕೇಳಿ ತನ್ನಿ. ಕಾಳೆಷ್ಟಿರಬಹುದು ಎಂದು ಮೊದಲು ಊಹೆ ಬರೆಯಲಿ, ಆಮೇಲೆ ಬಿಡಿಸಿ ಎಣಿಸಲಿ. ಸಾವಿರ ಕಾಳು ಸುಮಾರು ಮೂರು ಗ್ರಾಂ ತೂಗುತ್ತದೆ. ನೂರು ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಮೂವತ್ತು ಸಾವಿರಕ್ಕೂ ಮೇಲೆ ಕಾಳಿವೆ ಎಂದು ಗೊತ್ತಾದಾಗ ತಟ್ಟೆ ನೋಡುವ ಕಣ್ಣೇ ಬದಲಾಗುತ್ತದೆ.

ಕಬ್ಬಿನ ಕಾಲದಲ್ಲಿ ಬೆಲ್ಲ ಕಾಯಿಸಿ. ಒಲೆಯ ಕೆಲಸ ದೊಡ್ಡವರದು. ಕುದಿಯುವ ಪಾಕ ಮೈಗೆ ಸಿಡಿದರೆ ನೀರಿಗಿಂತ ಹೆಚ್ಚು ಸುಡುತ್ತದೆ. ಗಾಣದಲ್ಲಿ ಎದುರಿಗೇ ಹಿಂಡಿಸಿದ ಎರಡು ಲೀಟರು ಕಬ್ಬಿನ ಹಾಲು ತನ್ನಿ. ನಿಂಬೆ, ಶುಂಠಿ, ಐಸು ಯಾವುದೂ ಬೇಡವೆಂದು ಮೊದಲೇ ಹೇಳಿ. ಹುಳಿ ಸೇರಿದರೆ ಸಕ್ಕರೆ ಒಡೆದು ಬೇರೆಯಾಗುತ್ತದೆ, ಎಷ್ಟು ಕುದಿಸಿದರೂ ಅಚ್ಚು ಕಟ್ಟುವುದಿಲ್ಲ. ಬೆಳಿಗ್ಗೆ ಹಿಂಡಿದ್ದನ್ನು ಸಂಜೆ ಕಾಯಿಸಿದರೂ ಅದೇ ಗತಿ. ಬಟ್ಟೆಯಲ್ಲಿ ಸೋಸಿ, ಹಾಲು ಅರ್ಧಕ್ಕಿಂತ ಮೇಲೆ ಬಾರದಷ್ಟು ಅಗಲದ ಕಬ್ಬಿಣದ ಬಾಣಲೆಗೆ ಹಾಕಿ. ಒಂದು ಚಿಟಿಕೆ ತಿನ್ನುವ ಸುಣ್ಣವನ್ನು ನೀರಲ್ಲಿ ಕದಡಿ ಬೆರೆಸಿ. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಮೇಲೆ ಬರುವ ಹಸಿರು–ಬೂದು ನೊರೆಯನ್ನು ತೆಗೆಯುತ್ತಲೇ ಇರಿ. ನೊರೆ ಹಳದಿಯಾಗಿ ಗುಳ್ಳೆ ದಪ್ಪವಾದಾಗ ಉರಿ ತಗ್ಗಿಸಿ, ತಣ್ಣೀರ ಬಟ್ಟಲಿಗೆ ಒಂದು ಹನಿ ಬಿಡಿ. ಹರಡಿದರೆ ಇನ್ನೂ ಆಗಿಲ್ಲ. ಬೆರಳಲ್ಲಿ ಉಂಡೆ ಕಟ್ಟಿದರೆ ತಕ್ಷಣ ಇಳಿಸಿ, ಚೆನ್ನಾಗಿ ತಿರುವಿ, ಎಣ್ಣೆ ಸವರಿದ ತಟ್ಟೆಗೆ ಹೊಯ್ಯಿರಿ. ಬೇಗ ಇಳಿಸಿದರೆ ಜೋನಿ ಬೆಲ್ಲ, ತಡವಾದರೆ ಕಹಿ. ಮುನ್ನೂರರಿಂದ ನಾನ್ನೂರು ಗ್ರಾಂ ಸಿಗುತ್ತದೆ. ಮಗು ಶೇಕಡಾ ತೆಗೆಯಲಿ. ಆಲೆಮನೆಯಲ್ಲಿ ಒಂದು ಟನ್ ಕಬ್ಬಿಗೆ ಸುಮಾರು ನೂರು ಕೆ.ಜಿ. ಬೆಲ್ಲ, ಅಂದರೆ ಶೇಕಡಾ ಹತ್ತು. ಮನೆಯಲ್ಲಿ ಯಾಕೆ ಹೆಚ್ಚು ಬಂತು? ಅಲ್ಲಿ ಲೆಕ್ಕ ಕಬ್ಬಿನದು, ಇಲ್ಲಿ ಹಾಲಿನದು. ಸಿಪ್ಪೆಯ ತೂಕ ಗಾಣದಲ್ಲೇ ಉಳಿದಿದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಎರಡು ಸಲ ಹೋಗಿ: ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಗೂಡು ಕಟ್ಟುವ ಜನವರಿಯಲ್ಲೊಮ್ಮೆ, ಮರಿಗಳಿರುವ ಮಾರ್ಚಿನಲ್ಲೊಮ್ಮೆ. ಒಂದೇ ಮರ ಆರಿಸಿ, ದೂರದಲ್ಲಿ ಕೂತು, ಅರ್ಧ ಗಂಟೆಯಲ್ಲಿ ಎಷ್ಟು ಹಕ್ಕಿ ಬಂದವು, ಎಷ್ಟು ಹೋದವು ಎಂದು ಬರೆಯಲಿ. ಊರೆಲ್ಲ ಸುತ್ತಿ ಫೋಟೊ ತೆಗೆದುಕೊಂಡು ಬಂದರೆ ಮಗುವಿನ ತಲೆಯಲ್ಲಿ ಏನೂ ಉಳಿಯುವುದಿಲ್ಲ.

ಏಪ್ರಿಲ್ 22–23ರ ಆಸುಪಾಸಿನಲ್ಲಿ ನಮ್ಮ ಸೀಮೆಯಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಮಧ್ಯಾಹ್ನ 12.10ರಿಂದ 12.35ರವರೆಗೆ, ಐದು ನಿಮಿಷಕ್ಕೊಮ್ಮೆ, ನೆಟ್ಟಗೆ ನಿಲ್ಲಿಸಿದ ಪೈಪಿನ ತುಂಡಿನ ನೆರಳನ್ನು ಗೀಚಿಸಿ, 12.20 ದಾಟುವ ಹೊತ್ತಿಗೆ ನೆರಳು ಬುಡದಲ್ಲೇ ಅಡಗುತ್ತದೆ. ತಾರಸಿಗೆ ನೀರಿಳಿಯಲು ಇಳಿಜಾರು ಕೊಟ್ಟಿರುತ್ತಾರೆ, ಅದಕ್ಕೇ ಹಲವರಿಗೆ ಕೆಡುವುದು. ಮೇಜಿನ ಮೇಲೆ ಗೋಲಿ ಇಟ್ಟು ಉರುಳದಂತೆ ಸಮ ಮಾಡಿಕೊಳ್ಳಿ. ಆಗಸ್ಟ್ 20ರ ಹೊತ್ತಿಗೆ ಇದೇ ಮತ್ತೆ ಬರುತ್ತದೆ, ಆದರೆ ಮೋಡ ಬಿಡುವುದು ಅಪರೂಪ.

ಇನ್ನು ಕಾಗದಪತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದು. ಅದರಲ್ಲಿ ಮನೆಕಲಿಕೆಯ ಪ್ರಸ್ತಾಪವೇ ಇಲ್ಲ. ಪ್ರಮಾಣಪತ್ರ ಬೇಕಾದಾಗ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ದಾರಿ ಕೊಡುತ್ತದೆ: ಅದರ ಎ, ಬಿ, ಸಿ ಹಂತಗಳು ಮೂರು, ಐದು, ಎಂಟನೇ ತರಗತಿಗೆ ಸಮ, ಹತ್ತನೇ ತರಗತಿಯ ಪರೀಕ್ಷೆಗೆ ನೋಂದಾಯಿಸಲು 14 ವರ್ಷ ತುಂಬಿರಬೇಕು. ಜನನ ಪ್ರಮಾಣಪತ್ರದಲ್ಲಿರುವ ಹೆಸರಿನ ಕಾಗುಣಿತವೂ ಆಧಾರ್‌ನದೂ ಒಂದೇ ಇವೆಯೇ ಎಂದು ಈಗಲೇ ನೋಡಿಕೊಳ್ಳಿ; ಅರ್ಜಿ ಹಾಕುವ ತಿಂಗಳಲ್ಲಿ ತಿದ್ದಿಸಲು ಓಡಾಡುವುದು ಕಷ್ಟ. ಮಳೆ ಪಟ್ಟಿ, ಹಕ್ಕಿ ಲೆಕ್ಕ, ಆಟದ ನಿಯಮ, ಬೆಲ್ಲದ ತೂಕ ಎಲ್ಲಕ್ಕೂ ತಾರೀಖು ಹಾಕಿ ಒಂದೇ ಉದ್ದ ಪುಸ್ತಕದಲ್ಲಿ ಬರೆಸಿ. ಮುಂದೆ ಮಗುವನ್ನು ಶಾಲೆಗೆ ಸೇರಿಸುವ ಮನಸ್ಸಾದರೆ, ಅದು ಯಾವ ತರಗತಿಗೆ ಸಲ್ಲುತ್ತದೆ ಎಂದು ಮಾತಾಡಲು ಹೋಗುವಾಗ ಆ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.