ಬ್ಯಾಂಕಾಕಿನಲ್ಲಿ ಮೊದಲ ಮೂರು ದಿನ: ನಮ್ಮ ಗಂಗಾವತಿ ಕಡೆಯವರಿಗೆ

ಸಾಣಾಪುರ, ಆನೆಗೊಂದಿಯ ದಾರಿಯಲ್ಲಿ ಬೆನ್ನಿಗೆ ದೊಡ್ಡ ಚೀಲ ಹೊತ್ತು ನಡೆಯುವ ವಿದೇಶಿಯರನ್ನು ನೋಡುತ್ತಲೇ ಬೆಳೆದ ನಮ್ಮ ಭಾಗದ ಹುಡುಗ ಹುಡುಗಿಯರು ಈಗ ತಾವೇ ಚೀಲ ಹೊತ್ತು ಬ್ಯಾಂಕಾಕಿಗೆ ಹೊರಡುತ್ತಿರುವುದು ನನಗೆ ಬಹಳ ಸಂತೋಷದ ವಿಷಯ. ಮೊದಲ ಎರಡು ದಿನ ಪ್ರೇಕ್ಷಣೀಯ ಸ್ಥಳಗಳ ಬೆನ್ನು ಹತ್ತದೆ, ಉಳಿದುಕೊಂಡ ಓಣಿಯನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ ಎಂಬುದೇ ಅವರಿಗೆ ನನ್ನ ಮುಖ್ಯ ಸಲಹೆ.

ಥಾಯ್ಲೆಂಡಿಗೆ ಹೋಗುವ ವಿದೇಶಿಯರು 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರವನ್ನು ತುಂಬಬೇಕು. ತಲುಪುವ ದಿನಕ್ಕೆ ಮೂರು ದಿನ ಮೊದಲಿನಿಂದ ಸರ್ಕಾರಿ ಜಾಲತಾಣದಲ್ಲಿ ಇದನ್ನು ಉಚಿತವಾಗಿ ತುಂಬಬಹುದಾದ್ದರಿಂದ ಹಣ ಕೇಳುವ ತಾಣಗಳ ಗೊಡವೆಗೆ ಹೋಗಬೇಡಿ. ಚೀಲದಲ್ಲಿ ನಾಲ್ಕು ಖಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿಪುಡಿ ಇರಲಿ.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ. ಅಲ್ಲಿಂದಲೇ ಹೊರಡುವ ರೈಲು ಫಯಾ ಥಾಯ್‌ವರೆಗೆ ಹೋಗುತ್ತದೆ. ಅಲ್ಲಿ ರಸ್ತೆಯ ಮೇಲೆ ಎತ್ತರದಲ್ಲಿ ಓಡುವ ಬಿಟಿಎಸ್ ರೈಲನ್ನು ಹಿಡಿಯಬಹುದು. ವಸತಿಗೃಹ ತಲುಪಿದೊಡನೆ ಅದರ ವಿಳಾಸವನ್ನು ಥಾಯ್ ಲಿಪಿಯಲ್ಲಿ ಚೀಟಿಯ ಮೇಲೆ ಬರೆಯಿಸಿಕೊಳ್ಳಿ. ದಾರಿ ತಪ್ಪಿದ ರಾತ್ರಿ, ಮೊಬೈಲಿನ ಚಾರ್ಜ್ ಮುಗಿದಾಗ, ಆ ಚೀಟಿ ತೋರಿಸಿಯೇ ನಾನು ಕೋಣೆ ಸೇರಿದ್ದೇನೆ.

ನಮ್ಮ ಬಿಸಿಲಿಗೆ ಪಳಗಿದವರಿಗೆ ಅಲ್ಲಿನ ಸೆಕೆ ಏನು ಮಹಾ ಎನಿಸಬಹುದು. ಆದರೆ ನಮ್ಮದು ಒಣ ಬಿಸಿಲು, ಅಲ್ಲಿ ಬೆವರು ಮೈಮೇಲೆಯೇ ನಿಲ್ಲುತ್ತದೆ. ಬೆಳಿಗ್ಗೆ ಬೇಗ ತಿರುಗಾಡಿ ಮಧ್ಯಾಹ್ನ ಕೋಣೆಗೆ ಮರಳುವುದು ಒಳ್ಳೆಯದು.

ಸಸ್ಯಾಹಾರಿಗಳಿಗೆ ಊಟವೇ ದೊಡ್ಡ ಚಿಂತೆ. ಬರೀ ತರಕಾರಿಯಂತೆ ಕಾಣುವ ಪಲ್ಯಕ್ಕೂ ‘ನಾಮ್ ಪ್ಲಾ’ ಎಂಬ ಮೀನಿನ ರಸ ಬೀಳುತ್ತದೆ. ಅಂಗಡಿಯ ಮುಂದೆ ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದಿದ್ದರೆ ಅಲ್ಲಿ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಬೆಳ್ಳುಳ್ಳಿಯೂ ಇರುವುದಿಲ್ಲ. ಸಸ್ಯಾಹಾರಕ್ಕೆ ಥಾಯ್ ಭಾಷೆಯಲ್ಲಿರುವ ಇನ್ನೊಂದು ಪದ ‘ಮಂಗ್‌ಸವಿರತ್’. ಇದು ನಮ್ಮ ‘ಮಾಂಸವಿರತಿ’ಯೇ ಎಂದು ತಿಳಿದಾಗ ಪರದೇಶದಲ್ಲಿ ಬಂಧುವೊಬ್ಬರು ಸಿಕ್ಕಂತಾಯಿತು. ಪಾಹುರತ್ ಪೇಟೆಯಲ್ಲಿ ಭಾರತೀಯ ಊಟವೂ ಸಿಗುತ್ತದೆ.

ಮೂರನೆಯ ದಿನ ಅರಮನೆ ಮತ್ತು ವಾಟ್ ಫೋ ಎಂಬ ಬೌದ್ಧ ಗುಡಿಯನ್ನು ನೋಡಲು ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಡಿ. ಅರಮನೆಯ ಹತ್ತಿರ ಯಾರಾದರೂ ಸಭ್ಯವಾಗಿ ಮಾತಾಡಿಸಿ “ಇವತ್ತು ಮುಚ್ಚಿದೆ, ಬೇರೆ ಕಡೆ ತೋರಿಸುತ್ತೇನೆ” ಎಂದು ಕಡಿಮೆ ದುಡ್ಡಿಗೆ ಟುಕ್‌ಟುಕ್ ಹತ್ತಿಸಲು ಬಂದರೆ, ಕೈಮುಗಿದು ನೇರವಾಗಿ ಟಿಕೆಟ್ ಕೌಂಟರಿಗೆ ಹೋಗಿ ವಿಚಾರಿಸಿ. ಆ ಗಾಡಿ ಕೊನೆಗೆ ನಿಲ್ಲುವುದು ಹರಳಿನ ಅಂಗಡಿಯ ಮುಂದೆ.

ವಾಟ್ ಫೋದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನ ಮುಖ ನೋಡಿ ಅವಸರದಲ್ಲಿ ಹೊರಬರಬೇಡಿ. ಪಾದಗಳ ಬಳಿ ನಿಂತರೆ ಕಪ್ಪು ಅಂಗಾಲಿನ ಮೇಲೆ ಮುತ್ತುಚಿಪ್ಪಿನಲ್ಲಿ ಕೂರಿಸಿದ 108 ಮಂಗಳ ಚಿಹ್ನೆಗಳು ಹೊಳೆಯುತ್ತವೆ. ಬುದ್ಧನ ಬೆನ್ನ ಹಿಂದಿನ ಸಾಲಿನಲ್ಲಿರುವ 108 ಕಂಚಿನ ಪಾತ್ರೆಗಳಿಗೆ ಭಕ್ತರು ಒಂದೊಂದೇ ನಾಣ್ಯ ಹಾಕುತ್ತ ಸಾಗುವ ಟಣ್ ಟಣ್ ಸದ್ದು ಇಡೀ ಗುಡಿಯನ್ನು ತುಂಬಿರುತ್ತದೆ. ಅಲ್ಲಿಂದ ಥಾ ತಿಯೆನ್ ಕಟ್ಟೆಗೆ ಕೆಲವೇ ಹೆಜ್ಜೆ. ಚಾವೊ ಫ್ರಾಯಾ ನದಿ ದಾಟಿಸುವ ದೋಣಿ ಸ್ವಲ್ಪ ಹೊತ್ತಿನಲ್ಲೇ ವಾಟ್ ಅರುಣ್ ಗುಡಿಯ ದಡಕ್ಕೆ ಮುಟ್ಟಿಸುತ್ತದೆ. ಮರಳುವ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹತ್ತುವ ಮೊದಲೇ ಕೇಳಿಟ್ಟುಕೊಳ್ಳಿ.