ಆರು ನಾಯಿ, 150 ಕಿಲೋ: ಸ್ಲೆಡ್ ಓಡಿಸುವಾಗ ನಾನು ಹಾಕುವ ಲೆಕ್ಕ

ನಾನು ಓದಿದ್ದು ಫಿಸಿಕ್ಸ್. ಈಗ ಇರುವುದು ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ. ಚಳಿಗಾಲದ ವಾರಾಂತ್ಯಗಳಲ್ಲಿ ಊರಾಚೆಯ ಒಂದು ಕೆನಲ್‌ನಲ್ಲಿ, ಅಂದರೆ ನಾಯಿ ಸಾಕುವ ಜಾಗದಲ್ಲಿ, ನಾಯಿಗಳ ಕೆಲಸ ಮಾಡುತ್ತೇನೆ. ಊಟ ಹಾಕುವುದು, ಗಲೀಜು ತೆಗೆಯುವುದು, ಪಾದಕ್ಕೆ ಬೂಟಿ ಕಟ್ಟುವುದು. ಆಮೇಲೆ ಹಿಮದ ಮೇಲೆ ಜಾರುವ, ಚಕ್ರವಿಲ್ಲದ ಬಂಡಿಯಾದ ಸ್ಲೆಡ್‌ಗೆ ಆರು ನಾಯಿಗಳನ್ನು ಕಟ್ಟಿಕೊಂಡು ಕಾಡಿನ ಹಾದಿಯಲ್ಲಿ ಹೊರಡುವುದು.

ಊರಿನವರು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಪಾಪ, ಆ ನಾಯಿಗಳು ಅಷ್ಟು ಭಾರ ಹೇಗೆ ಎಳೆಯುತ್ತವೆ? ಅಲಾಸ್ಕನ್ ಹಸ್ಕಿ ನೋಡಲು ದೊಡ್ಡ ನಾಯಿಯೇನಲ್ಲ. 20ರಿಂದ 25 ಕಿಲೋ ಇರುತ್ತದೆ, ಅಷ್ಟೇ. ಸ್ಲೆಡ್, ಸಾಮಾನು, ಹಿಂದೆ ನಿಂತ ನಾನು ಎಲ್ಲ ಸೇರಿದರೆ 150 ಕಿಲೋ ಆಗುತ್ತದೆ. ನಾಯಿಗಳು ಈ ಭಾರವನ್ನು ಎತ್ತುವುದಿಲ್ಲ, ಜಾರಿಸುತ್ತವೆ. ಜಾರಿಸಲು ಎಷ್ಟು ಬಲ ಬೇಕು ಎಂದು ಅಳೆದು ನೋಡಿದೆ.

ಅಳೆಯುವುದು ಸುಲಭ. ನಾಯಿಗಳನ್ನು ಕಟ್ಟಬೇಕಾಗಿಲ್ಲ. ಗಟ್ಟಿಯಾದ ಸಮತಟ್ಟು ಹಾದಿಯಲ್ಲಿ ಸ್ಲೆಡ್ ನಿಲ್ಲಿಸಿ, ಗೆಳೆಯನನ್ನು ರನ್ನರ್ ಮೇಲೆ, ಅಂದರೆ ಸ್ಲೆಡ್ ಜಾರುವ ಎರಡು ಉದ್ದನೆಯ ಅಡಿಪಟ್ಟಿಗಳ ಮೇಲೆ, ನಿಲ್ಲಿಸಿದೆ. ಮುಂದಿನ ಹಗ್ಗಕ್ಕೆ ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಒಂದೇ ವೇಗದಲ್ಲಿ ಎಳೆದೆ. ಮೈನಸ್ 8 ಡಿಗ್ರಿ ಇದ್ದ ದಿನ ಮುಳ್ಳು ಏಳೂವರೆ ಕಿಲೋ ಹತ್ತಿರ ನಿಂತಿತು. ಅಂದರೆ ಭಾರದ ಇಪ್ಪತ್ತರಲ್ಲಿ ಒಂದು ಪಾಲು. ಇದನ್ನೇ ಫಿಸಿಕ್ಸ್‌ನಲ್ಲಿ ಘರ್ಷಣೆಯ ಗುಣಾಂಕ ಸುಮಾರು 0.05 ಎನ್ನುತ್ತಾರೆ. ಆರು ನಾಯಿಗಳಿಗೆ ಹಂಚಿದರೆ ತಲೆಗೆ ಒಂದೂಕಾಲು ಕಿಲೋ. ಎಳೆತ ಇಷ್ಟು ಕಡಿಮೆ ಇರುವುದರಿಂದಲೇ ಓಡಿಸುವವರ ಒಂದೊಂದು ನಡೆಯೂ ಲೆಕ್ಕಕ್ಕೆ ಬರುತ್ತದೆ. ಎಳೆತ ಎರಡು ಕಿಲೋ ಜಾಸ್ತಿಯಾದರೂ ಪ್ರತಿ ನಾಯಿಗೆ ಕಾಲು ಭಾಗಕ್ಕಿಂತ ಹೆಚ್ಚು ಹೊರೆ ಏರಿತು ಅಂತ ಅರ್ಥ.

ಅದೇ ಸ್ಲೆಡ್ಡನ್ನು ಮೈನಸ್ 30ರಲ್ಲಿ ಎಳೆದಾಗ ಮುಳ್ಳು 15 ಕಿಲೋ ತೋರಿಸಿತು. ಹೊಸಬರಿಗೆ ಇದು ಆಶ್ಚರ್ಯ. ಚಳಿ ಜಾಸ್ತಿಯಾದರೆ ಹಿಮ ಇನ್ನೂ ಚೆನ್ನಾಗಿ ಜಾರಬೇಕು ಅಲ್ವಾ? ಆಗುವುದು ತಿರುಗಾಮುರುಗಾ. ಭಾರ ಬಿದ್ದು ಹಿಮ ಕರಗುತ್ತದೆ, ಅದರ ಮೇಲೆ ಜಾರುತ್ತೇವೆ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಲೆಕ್ಕ ಹಾಕಿದರೆ ಅದು ಸರಿಹೋಗುವುದಿಲ್ಲ. ಒಂದು ವಾತಾವರಣದಷ್ಟು, ಅಂದರೆ ನಮ್ಮ ಸುತ್ತಲಿನ ಗಾಳಿ ಒತ್ತುವಷ್ಟು, ಒತ್ತಡ ಹಾಕಿದರೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯುವುದು 0.01 ಡಿಗ್ರಿಗಿಂತಲೂ ಕಡಿಮೆ. ಎರಡು ಉದ್ದನೆಯ ರನ್ನರ್‌ಗಳ ಮೇಲೆ ಹರಡಿದ 150 ಕಿಲೋ ಒಂದು ವಾತಾವರಣದ ಹತ್ತರಲ್ಲಿ ಒಂದು ಭಾಗದಷ್ಟೂ ಒತ್ತುವುದಿಲ್ಲ. ಹಿಮದ ಕಣಗಳ ತುದಿಯಲ್ಲಿ ಒತ್ತಡ ಜಾಸ್ತಿ ಇರುತ್ತದೆ ನಿಜ. ಆದರೂ ಮೈನಸ್ 20ಕ್ಕೆ ಅದು ಸಾಲದು.

1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಉತ್ತರ ಕೊಟ್ಟರು. ಉಜ್ಜುವಾಗ ಹುಟ್ಟುವ ಶಾಖವೇ ತೆಳ್ಳನೆಯ ನೀರಿನ ಪದರ ಮಾಡುತ್ತದೆ, ಜಾರಿಸುವುದು ಆ ಪದರ. ಚಳಿ ಹೆಚ್ಚಾದಷ್ಟೂ ಪದರ ಹುಟ್ಟುವುದು ಕಷ್ಟ. ಮೈನಸ್ 40ರ ಹತ್ತಿರ ಹೋದರೆ ಹಿಮದ ಕಣ ಚೂಪಾಗಿ, ಒಣಗಿ, ಮರಳಿನ ಮೇಲೆ ಎಳೆದ ಹಾಗಿರುತ್ತದೆ. 1925ರ ಜನವರಿಯಲ್ಲಿ ಅಲಾಸ್ಕಾದ ನೋಮ್ ಊರಿನ ಮಕ್ಕಳಿಗೆ ಗಂಟಲಮಾರಿ ಬಂದಾಗ, ಸುಮಾರು 20 ಜನ ನೆನಾನಾ ಎಂಬ ಊರಿನಿಂದ ಅಲ್ಲಿಗೆ ನಾಯಿ ಸ್ಲೆಡ್‌ಗಳಲ್ಲಿ ಕೈಯಿಂದ ಕೈಗೆ ಔಷಧಿ ಸಾಗಿಸಿದರು. 1,085 ಕಿಲೋಮೀಟರ್, ಐದೂವರೆ ದಿನ. ಮೈ ಕೊರೆಯುವ ಚಳಿ. ಆ ಕಥೆಯನ್ನು ಎಲ್ಲರೂ ನಾಯಿಗಳ ವೇಗಕ್ಕಾಗಿ ಹೇಳುತ್ತಾರೆ. ನನಗೆ ಮಾತ್ರ ಅಂಥ ಹಿಮದ ಮೇಲೆ ಆ ಹಗ್ಗಗಳಲ್ಲಿ ಎಷ್ಟು ಎಳೆತ ಇದ್ದಿರಬೇಕು ಎನ್ನುವುದೇ ತಲೆಯಲ್ಲಿ ಓಡುತ್ತದೆ.

ನಮ್ಮ ಕೈಲಿರುವುದು ರನ್ನರ್ ಕೆಳಗಿನ ಪ್ಲಾಸ್ಟಿಕ್ ಪಟ್ಟಿ. ಕಳಚಿ ಹಾಕಬಹುದು. ಕಡು ಚಳಿಗೆ ಗಟ್ಟಿ ಪ್ಲಾಸ್ಟಿಕ್, ಒದ್ದೆ ಹಿಮಕ್ಕೆ ಬೇರೆಯದು. ಗೀರು ಬಿದ್ದ ಪಟ್ಟಿಯನ್ನು ನಾನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ.

ಇನ್ನು ಹೊರಡುವ ಹೊತ್ತು. ಸ್ವಲ್ಪ ಹೊತ್ತು ನಿಂತ ಸ್ಲೆಡ್‌ನ ರನ್ನರ್ ಹಿಮಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸುವ ಕೆಲಸ ನಾಯಿಗಳದ್ದಲ್ಲ. ಹಿಡಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನಾನೇ ಬಿಡಿಸುತ್ತೇನೆ, ಆಮೇಲೇ ಹೊರಡಲು ಹೇಳುತ್ತೇನೆ. ಅಷ್ಟರವರೆಗೆ ಸ್ಲೆಡ್ ಮರಕ್ಕೆ ಕಟ್ಟಿರುತ್ತದೆ, ನಾಯಿಗಳು ಕುಣಿಯುತ್ತಿರುತ್ತವೆ. ಹಗ್ಗ ಸಡಿಲವಿದ್ದು, ಆರೂ ನಾಯಿ ಸೇರಿ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಮುಂದಕ್ಕೆ ಹಾರಿ, ಹಗ್ಗ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಬಿಗಿದರೆ, ಬೀಳುವ ಎಳೆತ 500 ಕಿಲೋ ದಾಟುತ್ತದೆ. ನಡುವೆ ಎಳೆದರೆ ಹಿಗ್ಗುವ ಬಂಜಿ ಹಗ್ಗ ಇದ್ದರೆ ಅದೇ ಜಗ್ಗು ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ಹರಡಿ 100 ಕಿಲೋ ಒಳಗೆ ಬರುತ್ತದೆ. ನಾಯಿಗಳ ಭುಜ, ಬೆನ್ನು ಎರಡೂ ಉಳಿಯುತ್ತವೆ. ಗ್ಯಾಂಗ್‌ಲೈನ್ (ಎಲ್ಲ ನಾಯಿಗಳನ್ನೂ ಕಟ್ಟುವ ನಡುವಿನ ಹಗ್ಗ) ಮತ್ತು ಸ್ಲೆಡ್ ನಡುವೆ ಬಂಜಿ ಇಲ್ಲದ ತಂಡವನ್ನು ನಾನು ಓಡಿಸುವುದೇ ಇಲ್ಲ.

ಏರು ಬಂದರೆ ನಾನು ಇಳಿದು ಓಡುತ್ತೇನೆ. ನೂರು ಮೀಟರಿಗೆ ಐದು ಮೀಟರ್ ಏರು ಅಂದರೆ ಕಣ್ಣಿಗೆ ಏನೂ ಅನ್ನಿಸುವುದಿಲ್ಲ. ಆದರೆ 150 ಕಿಲೋಗೆ ಅದು ಇನ್ನೂ ಏಳೂವರೆ ಕಿಲೋ ಎಳೆತ ಸೇರಿಸುತ್ತದೆ, ಒಟ್ಟು 15. ನನ್ನ 70 ಕಿಲೋ ಇಳಿದರೆ ಉಳಿದ 80 ಕಿಲೋಗೆ ಬೇಕಾಗುವುದು ಎಂಟು ಮಾತ್ರ. ಹಿಡಿ ಹಿಡಿದು ತಳ್ಳಿದರೆ ಇನ್ನೂ ಕಡಿಮೆ. ಎದೆ ಉರಿಯುತ್ತದೆ, ಕಾಲು ಸೋಲುತ್ತದೆ. ಆದರೂ ಮುಂದಿನ ಟಗ್‌ಲೈನ್‌ಗಳು, ಅಂದರೆ ಒಂದೊಂದು ನಾಯಿಯೂ ಎಳೆಯುವ ಹಗ್ಗಗಳು, ಒಂದೇ ಸಮ ಬಿಗಿಯಾಗಿರುವುದನ್ನು ನೋಡುವಾಗ ಓಡದೆ ಇರಲು ಮನಸ್ಸಾಗುವುದಿಲ್ಲ. ಇಳಿಜಾರಿನಲ್ಲಿ ಉಲ್ಟಾ ಕೆಲಸ. ಹಿಂದೆ ಹಿಮಕ್ಕೆ ಉಜ್ಜಿ ವೇಗ ತಗ್ಗಿಸುವ ಡ್ರ್ಯಾಗ್ ಮ್ಯಾಟ್ ಮೇಲೆ ಒಂದು ಕಾಲು ಇಟ್ಟು, ಸ್ಲೆಡ್ ಹೋಗಿ ಹಿಂದಿನ ಜೋಡಿಗೆ ತಾಗದಂತೆ ಹಗ್ಗವನ್ನು ಬಿಗಿಯಾಗಿಯೇ ಇಡುತ್ತೇನೆ.

ತಿರುವು ಎಲ್ಲಕ್ಕಿಂತ ಕಷ್ಟ. ಆರು ನಾಯಿಗಳ ಸಾಲು ಏಳೆಂಟು ಮೀಟರ್ ಉದ್ದ. ಮುಂದಿನ ಜೋಡಿ ತಿರುವು ಮುಗಿಸುವಾಗ ನಾನಿನ್ನೂ ನೇರ ಹಾದಿಯಲ್ಲೇ ಇರುತ್ತೇನೆ. ಬಿಗಿದ ಹಗ್ಗಕ್ಕೆ ಬಾಗುವುದು ಗೊತ್ತಿಲ್ಲ, ಅದು ಅಡ್ಡದಾರಿ ಹಿಡಿಯುತ್ತದೆ. ಸ್ಲೆಡ್‌ನ ಮೂತಿಯನ್ನು ತಿರುವಿನ ಒಳಗಡೆ ಇರುವ ಮರದತ್ತ ಎಳೆಯುತ್ತದೆ. ಅನುಭವಿ ವೀಲ್ ನಾಯಿಗಳು, ಅಂದರೆ ಸ್ಲೆಡ್‌ಗೆ ಹತ್ತಿರದ ಜೋಡಿ, ಇಲ್ಲಿ ತಾವಾಗಿಯೇ ಹೊರಗಡೆಗೆ ಎಳೆಯುತ್ತವೆ. ನಾನು ಹೊರಗಿನ ರನ್ನರ್ ಮೇಲೆ ಭಾರ ಹಾಕಿ ಅವಕ್ಕೆ ನೆರವಾಗುತ್ತೇನೆ. ಆದರೆ ವೇಗ ಜಾಸ್ತಿ ಇದ್ದರೆ ಅಪಾಯ ಬೇರೆ. ಕೆಳಗಿನ ಎಳೆತ ಒಳಕ್ಕೆ, ಮೇಲಿರುವ ನನ್ನ ದೇಹ ನೇರಕ್ಕೆ. ಸ್ಲೆಡ್ ಹೊರಕ್ಕೆ ಮಗುಚುತ್ತದೆ. ಆಗ ಮಂಡಿ ಬಗ್ಗಿಸಿ, ಒಳಗಿನ ರನ್ನರ್ ಮೇಲೆ ವಾಲಬೇಕು. ಒಂದೇ ತಿರುವಿನಲ್ಲಿ ಎರಡೂ ಬೇಕಾಗಬಹುದು. ಗಂಟೆಗೆ 18 ಕಿಲೋಮೀಟರ್ ವೇಗವನ್ನು ಒಂಬತ್ತಕ್ಕೆ ಇಳಿಸಿದರೆ ಮಗುಚುವ ಬಲ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಹಾಗಾಗಿ ಬ್ರೇಕ್ ಒತ್ತುವುದು ತಿರುವಿಗೆ ಮುಂಚೆ, ತಿರುವಿನಲ್ಲಲ್ಲ.

ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನ ಸಾಲು ಕಟ್ಟುವುದಿಲ್ಲ, ಪ್ರತಿ ನಾಯಿಗೂ ಬೇರೆ ಹಗ್ಗ ಕೊಟ್ಟು ಬೀಸಣಿಗೆಯಂತೆ ಬಿಡುತ್ತಾರೆ. 30 ಡಿಗ್ರಿ ಓರೆಗೆ ಎಳೆಯುವ ನಾಯಿಯ ಬಲದಲ್ಲಿ ನೂರಕ್ಕೆ 13 ಭಾಗ ವ್ಯರ್ಥ. ಆದರೆ ಮರವಿಲ್ಲದ ಸಮುದ್ರದ ಮಂಜುಗಡ್ಡೆಯ ಮೇಲೆ ಅದೇ ಸರಿ. ಭಾರ ಹರಡಿರುತ್ತದೆ, ಒಂದು ನಾಯಿ ಬಿರುಕಿಗೆ ಬಿದ್ದರೆ ಉಳಿದವು ಮೇಲಿರುತ್ತವೆ.

ಗಾಳಿಯನ್ನು ಮಾಮೂಲಿ ದಿನ ಮರೆತುಬಿಡಬಹುದು. ನಮ್ಮ ವೇಗಕ್ಕೆ ಅದರ ತಡೆ ಒಂದು ಕಿಲೋ ಕೂಡ ಇಲ್ಲ. ಹೆಪ್ಪುಗಟ್ಟಿದ ನದಿಯ ಮೇಲೆ ಸೆಕೆಂಡಿಗೆ ಹತ್ತು ಮೀಟರ್ ಎದುರುಗಾಳಿ ಬೀಸಿದರೆ ಮಾತ್ರ ಅದು ಎಂಟು ಕಿಲೋ ಮುಟ್ಟುತ್ತದೆ. ಆಗ ಹಿಡಿಯ ಹಿಂದೆ ಕುಕ್ಕರಗಾಲಲ್ಲಿ ಮುದುಡಿಕೊಳ್ಳುತ್ತೇನೆ.

ಶಾಖದ ಲೆಕ್ಕವೂ ಇದೆ. ಗಂಟೆಗೆ 14 ಕಿಲೋಮೀಟರ್ ವೇಗದಲ್ಲಿ ಏಳೂವರೆ ಕಿಲೋ ಎಳೆಯಲು ಬೇಕಾಗುವುದು ಸುಮಾರು 300 ವ್ಯಾಟ್, ನಾಯಿಗೆ 50. ತನ್ನ ಮೈ ಹೊತ್ತು ಓಡುವ ಶ್ರಮ ಬೇರೆ. ಸ್ನಾಯು ಸುಡುವ ಶಕ್ತಿಯ ಬಹುಪಾಲು ಶಾಖವೇ ಆಗುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ಏದುಸಿರು ಬಿಟ್ಟೇ ತಣಿಯಬೇಕು. ಸೊನ್ನೆ ಡಿಗ್ರಿಯ ಹತ್ತಿರ ಸ್ಲೆಡ್ ಚೆನ್ನಾಗಿ ಜಾರುತ್ತದೆ, ನಾಯಿಗಳು ಮಾತ್ರ ಬೇಗ ಸೋಲುತ್ತವೆ. ಅದಕ್ಕೇ ಏಪ್ರಿಲ್ ಬಂದರೆ ನಾವು ಬೆಳಗಿನ ಐದಕ್ಕೆಲ್ಲ ಹಾರ್ನೆಸ್ ಹಾಕುತ್ತೇವೆ. ದಾರಿಯಲ್ಲಿ ಆಗಾಗ ನಿಲ್ಲಿಸಿ ಹಿಮ ಕಚ್ಚಿ ತಿನ್ನಲು ಬಿಡುತ್ತೇವೆ.