ರೆಪ್ಪೆ ಜೋತುಬಿದ್ದರೆ ತಡ ಮಾಡಬೇಡಿ: ಹಾವಿನ ವಿಷ ನರಕ್ಕೆ ಏರುವುದು ಹೇಗೆ, ಆಗ ಮಾಡುವುದೇನು

ನಾಗರಹಾವು ಕಚ್ಚಿದರೆ ಸಾಮಾನ್ಯವಾಗಿ ನೋವು, ಊತ ಬೇಗ ಕಾಣುತ್ತದೆ. ಕಟ್ಟುಹಾವು ಹಾಗಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚಿದ್ದೇ ಗೊತ್ತಾಗದಿರಬಹುದು. ಬೆಳಗ್ಗೆ ಹೊಟ್ಟೆನೋವು ಅಂತ ಏಳುತ್ತಾರೆ. ಗ್ಯಾಸ್ಟ್ರಿಕ್ ಇರಬೇಕು ಎಂದು ಮನೆಯವರು ಸುಮ್ನಾಗುತ್ತಾರೆ.

ಮೊದಲು ವಿಷ ಹೊಡೆಯುವ ಜಾಗ ತಿಳಿದುಕೊಳ್ಳಿ. ನರಕ್ಕೂ ಸ್ನಾಯುವಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತದೆ. ಅದು ಸ್ನಾಯುವಿನ ರಿಸೆಪ್ಟರ್ (ಆ ರಾಸಾಯನಿಕವನ್ನು ಹಿಡಿದುಕೊಳ್ಳುವ ಜಾಗ) ಮೇಲೆ ಕೂತರೆ ಸ್ನಾಯು ಬಿಗಿಯುತ್ತದೆ. ನಾಗರಹಾವಿನ ವಿಷ ಆ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ, ಬೀಗದೊಳಗೆ ಬೇರೆ ಕೀಲಿ ಮುರಿದು ಸಿಕ್ಕಿಕೊಂಡ ಹಾಗೆ. ಕಟ್ಟುಹಾವಿನ ವಿಷ ಇದನ್ನೂ ಮಾಡುತ್ತದೆ, ಜೊತೆಗೆ ನರದ ತುದಿಯನ್ನೇ ಹಾಳು ಮಾಡುತ್ತದೆ. 1963ರಲ್ಲಿ ತೈವಾನಿನ ವಿಜ್ಞಾನಿಗಳಾದ ಚಾಂಗ್ ಮತ್ತು ಲೀ ಅಲ್ಲಿನ ಕಟ್ಟುಹಾವಿನ ವಿಷದಿಂದ ಈ ಎರಡು ಬಗೆಯ ವಿಷವನ್ನೂ ಬೇರ್ಪಡಿಸಿದರು. ಅದರಲ್ಲಿ ರಿಸೆಪ್ಟರ್ ಮೇಲೆ ಕೂರುವ ಬಗೆಯ ಹೆಸರು ಆಲ್ಫಾ-ಬಂಗರೊಟಾಕ್ಸಿನ್. ಅದು ರಿಸೆಪ್ಟರನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅಂದರೆ, ಮುಂದೆ ವಿಜ್ಞಾನಿಗಳು ರಿಸೆಪ್ಟರನ್ನು ಹುಡುಕಿ ಹೊರತೆಗೆಯಲು ಇದನ್ನೇ ಬಳಸಿದರು!

ಆಮೇಲೆ ಮುಖ ನೋಡಿ. ‘ಮೇಲಕ್ಕೆ ನೋಡಿ’ ಎಂದು ಹೇಳಿ, ರೆಪ್ಪೆ ಏಳುತ್ತದೆಯೇ ಗಮನಿಸಿ. ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ಉಗುಳು ನುಂಗಲಾಗದಿರುವುದು, ಕತ್ತು ಎತ್ತಲಾಗದಿರುವುದು ಎಲ್ಲವೂ ಇದೇ ಸಾಲಿನವು. ಉಸಿರಾಟದ ಸ್ನಾಯುಗಳೂ ಸೋತರೆ ಜೀವಕ್ಕೆ ಅಪಾಯ. ಹಾಗಂತ ಲಕ್ಷಣ ಬರಲಿ ಎಂದು ಮನೆಯಲ್ಲೇ ಕಾಯಬೇಡಿ. ಹಾವು ಕಚ್ಚಿದ ಅನುಮಾನವಿದ್ದರೂ ಸಾಕು, 108ಕ್ಕೆ ಫೋನ್ ಮಾಡಿ ಹೊರಡಿ.

ದಾರಿಯಲ್ಲಿ ಮಾಡುವುದು ಕಡಿಮೆ, ಮಾಡಬಾರದ್ದೇ ಜಾಸ್ತಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಳ್ಳಿ. ಉಂಗುರ, ಬಳೆ ತೆಗೆಯಿರಿ. ನುಂಗಲಾಗದವರನ್ನು ಒಂದು ಪಕ್ಕಕ್ಕೆ ಮಲಗಿಸಿ, ಇಲ್ಲದಿದ್ದರೆ ಉಗುಳು ಶ್ವಾಸಕೋಶಕ್ಕೆ ಹೋಗಬಹುದು. ಬಾಯಿಗೆ ನೀರು ಸಹ ಬೇಡ.

ಆಸ್ಪತ್ರೆಯಲ್ಲಿ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಪ್ರತಿವಿಷದ ಇಂಜೆಕ್ಷನ್ ಕೊಡುತ್ತಾರೆ. ಅದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ, ಆಗಲೇ ಹಾಳಾದ ನರದ ತುದಿಯನ್ನು ಸರಿ ಮಾಡಲಾರದು. ಬೇಗ ಹೋಗಿ ಅನ್ನುವುದು ಇದಕ್ಕೇ. ನಾಗರಹಾವಿನ ಕಡಿತದಲ್ಲಿ ಎಎಸ್‌ವಿ ಜೊತೆಗೆ ನಿಯೋಸ್ಟಿಗ್ಮಿನ್ ಎಂಬ ಔಷಧವೂ ನೆರವಾಗಬಹುದು. ಅದು ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ತಡೆಯುತ್ತದೆ. ಕಟ್ಟುಹಾವಿನ ಕಡಿತದಲ್ಲಿ ಇದರಿಂದ ಅಷ್ಟು ಪ್ರಯೋಜನ ಸಿಗುವುದಿಲ್ಲ. ನರದ ತುದಿ ರಾಸಾಯನಿಕ ಬಿಡುವುದನ್ನೇ ನಿಲ್ಲಿಸಿದರೆ ಉಳಿಸುವುದಾದರೂ ಏನನ್ನು, ಅಲ್ವಾ?

ಹೊಸ ತುದಿ ಬೆಳೆಯುವವರೆಗೆ ವೆಂಟಿಲೇಟರ್ ಉಸಿರಾಡಿಸಬೇಕು, ಕೆಲವೊಮ್ಮೆ ದಿನಗಟ್ಟಲೆ. ಅಷ್ಟು ಹೊತ್ತೂ ಕಣ್ಣು ತೆರೆಯದ, ಕೈ ಆಡಿಸದ ರೋಗಿಗೆ ಎಚ್ಚರವಿರಬಹುದು, ನಿಮ್ಮ ಮಾತೂ ಕೇಳಿಸುತ್ತಿರಬಹುದು. ಇಂಜೆಕ್ಷನ್ ಕೊಟ್ಟರೂ ಅಲುಗಾಡಲಿಲ್ಲ ಎಂದು ಆಸೆ ಬಿಟ್ಟು ಮನೆಗೆ ಕರೆದೊಯ್ಯಬೇಡಿ.